ಲಗೇಜ್ ಹತ್ತಿಸುವ ಬೆಲ್ಟ್ ಲೋಡರ್ ಗಾಡಿ ವಿಮಾನಕ್ಕೆ ತಾಗಿದ್ದನ್ನು ನೋಡಿದ್ದೇನೆ. ರಿಪೋರ್ಟ್ ಹಾಕಲಾ, ಬೇಡವಾ?

ರಾತ್ರಿ ಪಾಳಿ:
ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಯೊಂದರಲ್ಲಿ ರ‍್ಯಾಂಪ್ ಕೆಲಸ ನನ್ನದು, ಅಂದರೆ ವಿಮಾನ ನಿಲ್ಲುವ ಜಾಗದಲ್ಲಿ. ಚಕ್ರಕ್ಕೆ ಅಡ್ಡ ಚಾಕ್ ಹಾಕುವುದು, ಕೋನ್ ಇಡುವುದು, ಲಗೇಜ್ ಇಳಿಸುವುದು, ಹತ್ತಿಸುವುದು. ಕಾಂಟ್ರಾಕ್ಟ್ ಮೇಲೆ ಇದ್ದೇನೆ, ರಿನ್ಯೂ ಆಗುವ ಸಮಯ ಹತ್ತಿರ ಬಂತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಅರ್ಧ ಚಿಂತೆ ಅದೇ.

ವಿಷಯ ಎರಡು. ಒಂದು, ದಿನಾ ನಡೆಯುವುದು. ಎಂಜಿನ್ ನಿಂತು, ಕೆಂಪು ಬೀಕನ್ ದೀಪ ಆರಿದ ಮೇಲೇ ವಿಮಾನದ ಹತ್ತಿರ ಹೋಗಬೇಕು ಅಂತ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದಾರೆ. ವಿಮಾನ ತಡವಾಗಿ ಬಂದ ದಿನ ದೀಪ ಮಿನುಗುತ್ತಿರುವಾಗಲೇ ನಮ್ಮ ಲೋಡರ್ ಹೊರಟಿರುತ್ತದೆ. ಅದಕ್ಕೆ ಕೈ ತೋರಿಸಲು ಒಬ್ಬ ನಿಲ್ಲಬೇಕು, ಅವನು ಆಗ ಎಲ್ಲೋ ಟ್ರಾಲಿ ಎಳೆಯುತ್ತಿರುತ್ತಾನೆ. ಚೆಕ್‌ಲಿಸ್ಟ್‌ನಲ್ಲಿ ಮಾತ್ರ ಎಲ್ಲದಕ್ಕೂ ಟಿಕ್.

ಇನ್ನೊಂದು ನಿನ್ನೆ ರಾತ್ರಿಯದು. ಆ ಲೋಡರ್‌ನ ಮುಂದಿನ ರಬ್ಬರ್ ಬಂಪರ್ ಒಂದು ಬದಿ ಸವೆದು ಕಬ್ಬಿಣ ಕಾಣುತ್ತದೆ. ಅದೇ ಬದಿ ಹಿಂದಿನ ಕಾರ್ಗೋ ಡೋರ್ ಕೆಳಗೆ ವಿಮಾನದ ಮೈಗೆ ತಾಗಿತು. ಸದ್ದೂ ಕೇಳಿಸಿತು. ನಮ್ಮ ತಂಡ ನೋಡಿಕೊಳ್ಳುವ ಲೀಡ್ ಬಂದು ಟಾರ್ಚ್ ಬಿಟ್ಟು ನೋಡಿದರು, ಅಂಗೈಯಿಂದ ಸವರಿದರು. "ಏನೂ ಆಗಿಲ್ಲ, ಬರೀ ಗೀರು, ಲೇಟ್ ಮಾಡ್ಬೇಡಿ" ಅಂದರು. ವಿಮಾನ ಹೋಯಿತು. ಇವತ್ತೂ ಹಾರಾಡುತ್ತಿದೆ, ಟ್ರ್ಯಾಕಿಂಗ್ ಆ್ಯಪ್‌ನಲ್ಲಿ ನೋಡಿದೆ. ಅಂದರೆ ಏನೂ ಆಗಿಲ್ಲ ಅಂತ ತಾನೇ?

ಲೀಡ್ ಕೆಟ್ಟವರಲ್ಲ. ನನಗೆ ಕೆಲಸ ಕಲಿಸಿದ್ದೇ ಅವರು. ಸುಮ್ನೆ ಇದ್ದುಬಿಡಲಾ?

ಹ್ಯಾಂಗರ್‌ನವನು:
ಇಲ್ಲಿ ಮುಂದೆ ಓದುವ ಮೊದಲು ಏರ್‌ಲೈನ್‌ನ ವಿಮಾನಗಳ ರಿಪೇರಿ ನೋಡಿಕೊಳ್ಳುವ ಮೇಂಟೆನೆನ್ಸ್ ಕಂಟ್ರೋಲ್‌ಗೆ ಫೋನ್ ಮಾಡಿ. ವಿಮಾನದ ರಿಜಿಸ್ಟ್ರೇಷನ್, ತಾಗಿದ ಹೊತ್ತು, ಯಾವ ಡೋರ್, ಯಾವ ಬದಿ. ಇಷ್ಟು ಸಾಕು. ನಂಬರ್ ಗೊತ್ತಿಲ್ಲದಿದ್ದರೆ ಡ್ಯೂಟಿ ಮ್ಯಾನೇಜರ್ ಹತ್ತಿರ ಇರುತ್ತದೆ. ವಾದ ಎಲ್ಲ ಆಮೇಲೆ.

ಮಾಡಿದಿರಾ? ಸರಿ, ಈಗ ಕಾರಣ ಹೇಳುತ್ತೇನೆ. 2005ರ ಡಿಸೆಂಬರ್ 26ರಂದು ಅಲಾಸ್ಕಾ ಏರ್‌ಲೈನ್ಸ್‌ನ 536ನೇ ಫ್ಲೈಟ್ ಸಿಯಾಟಲ್‌ನಿಂದ ಹೊರಟಿತು. ಎಂಡಿ-83 ವಿಮಾನ. ಸುಮಾರು 26,000 ಅಡಿ ಎತ್ತರದಲ್ಲಿ ಕ್ಯಾಬಿನ್ ಒತ್ತಡ ಇದ್ದಕ್ಕಿದ್ದಂತೆ ಹೋಯಿತು. ವಾಪಸ್ ಇಳಿಸಿ ನೋಡಿದರೆ ಮೈಯಲ್ಲಿ ಸುಮಾರು ಒಂದಡಿ ಉದ್ದದ ತೂತು. ನೆಲದ ಮೇಲಿದ್ದಾಗ ಲಗೇಜ್ ಕೆಲಸದ ಗಾಡಿ ತಾಗಿತ್ತು. ತಾಗಿಸಿದವರು ಆಗ ಬಾಯಿ ಬಿಟ್ಟಿರಲಿಲ್ಲ. ಯಾರಿಗೂ ಪ್ರಾಣಾಪಾಯ ಆಗಲಿಲ್ಲ, ಅದೃಷ್ಟ.

"ಇವತ್ತೂ ಹಾರಾಡುತ್ತಿದೆ" ಅಂದಿರಲ್ಲ, ನನಗೆ ಹೆದರಿಕೆ ಆಗಿದ್ದು ಅದಕ್ಕೇ. ಮೇಲೇರಿದಾಗಲೆಲ್ಲ ಒಳಗಿನ ಒತ್ತಡಕ್ಕೆ ವಿಮಾನದ ಮೈ ಬಿಗಿಯುತ್ತದೆ, ಇಳಿದಾಗ ಸಡಿಲಾಗುತ್ತದೆ. ಸಣ್ಣ ಬಿರುಕು ಬೆಳೆಯುವುದೇ ಹಾಗೆ. ಇವತ್ತು ಹಾರಿದ್ದು ನಾಳೆಗೆ ಗ್ಯಾರಂಟಿ ಅಲ್ಲ. ಬೋಯಿಂಗ್ 787 ಅಥವಾ ಏರ್‌ಬಸ್ ಎ350 ಆದರೆ ಇನ್ನೂ ಕಷ್ಟ, ಅವುಗಳ ಮೈ ಕಾರ್ಬನ್ ಫೈಬರ್‌ನದು. ಹೊರಗೆ ತಗ್ಗು ಕಾಣದೆಯೂ ಒಳಗೆ ಪದರಗಳು ಬಿಟ್ಟುಕೊಂಡಿರಬಹುದು. ಅದನ್ನು ಅಲ್ಟ್ರಾಸೌಂಡ್‌ನಂಥ ಪರೀಕ್ಷೆಯಿಂದ ಹುಡುಕುತ್ತೇವೆ, ಅಂಗೈಯಿಂದಲ್ಲ. ನಿಮ್ಮ ಲೀಡ್ ಎಷ್ಟೇ ಒಳ್ಳೆಯವರಿರಲಿ, "ಏನೂ ಆಗಿಲ್ಲ" ಅಂತ ತೀರ್ಪು ಕೊಡುವುದು ಅವರ ಕೆಲಸ ಅಲ್ಲ. ಪಾಪ, ಅವರಿಗೂ ಆ ಭಾರ ಯಾಕೆ?

ಹಳೇ ಟ್ರಾಲಿ:
ಫೋನ್ ಮಾಡಿ ಅಂದಿದ್ದು ಸರಿ. ಆದರೆ ಹ್ಯಾಂಗರ್‌ನವರಿಗೆ ಲೈಸೆನ್ಸ್ ಇದೆ, ಅವರ ಮಾತಿಗೆ ಬೆಲೆ ಇದೆ. ರ‍್ಯಾಂಪ್ ಹುಡುಗರ ಕಥೆ ಬೇರೆ.

"ಹೆಸರು ಬರೆಯಬೇಕಿಲ್ಲ" ಅನ್ನುವ ಫಾರ್ಮ್ ನಂಬಬೇಡಿ. ಒಂದು ವಿಮಾನದ ಸುತ್ತ ಇರುವುದು ಬೆರಳೆಣಿಕೆಯ ಜನ. ಅದರಲ್ಲಿ ಒಬ್ಬರು ಲೀಡ್, ಒಬ್ಬ ಲೋಡರ್ ಓಡಿಸಿದವನು. ಬರೆದದ್ದು ಯಾರು ಅಂತ ಕಂಡುಹಿಡಿಯಲು ಪೊಲೀಸರು ಬರಬೇಕಾ? ನಮ್ಮಲ್ಲಿ ಹೆಸರಿಲ್ಲದೆ ಕೊಟ್ಟ ಒಬ್ಬನ ಪಾಳಿ ಬದಲಾಯಿತು. ಯಾಕೆ ಅಂತ ಅವನು ಕೇಳುವ ಹಾಗೂ ಇರಲಿಲ್ಲ, ಕೇಳಿದರೆ ತಾನೇ ಬರೆದದ್ದು ಅಂತ ಒಪ್ಪಿಕೊಂಡ ಹಾಗೆ. ಅದಕ್ಕೇ ಹೇಳುತ್ತೇನೆ, ಹೆಸರು ಹಾಕಿ ಕೊಡಿ. ನಾಳೆ ಕಾಂಟ್ರಾಕ್ಟ್ ನಿಂತರೆ "ರಿಪೋರ್ಟ್ ಕೊಟ್ಟ ಮೇಲೆ ಹೀಗಾಯಿತು" ಅಂತ ತಾರೀಖು ಸಮೇತ ತೋರಿಸಬಹುದು. ಪ್ರತಿ ನಿಮ್ಮ ಸ್ವಂತ ಮೇಲ್‌ನಲ್ಲೂ ಇರಲಿ.

ಸೇಫ್ಟಿ ಡೆಸ್ಕ್:
ಇಂಥ ರಿಪೋರ್ಟ್‌ಗಳನ್ನು ಓದುವುದೇ ನನ್ನ ಕೆಲಸ. ಟ್ರಾಲಿಯವರ ಮಾತು ಓದಿ ಬೇಜಾರಾಯಿತು, ಆದರೆ ಸುಳ್ಳು ಅನ್ನಲಾರೆ.

ನಿನ್ನೆ ತಾಗಿದ್ದು ಬೇರೆ, ದಿನಾ ನಡೆಯುವುದು ಬೇರೆ. ಒಂದೇ ಕಾಗದದಲ್ಲಿ ತುರುಕಬೇಡಿ, ದೊಡ್ಡದರ ಹಿಂದೆ ಚಿಕ್ಕದು ಕಳೆದುಹೋಗುತ್ತದೆ. ವಿಮಾನಕ್ಕೆ ಪೆಟ್ಟಾಗಿರಬಹುದು ಅನ್ನುವುದನ್ನು ಹೇಳಲೇಬೇಕು, ಅದರಲ್ಲಿ ಆಯ್ಕೆ ಇಲ್ಲ. ಯುರೋಪಿನಲ್ಲಿ 2014ರ 376ನೇ ನಿಯಮ ಇಂಥದ್ದಕ್ಕೆ 72 ಗಂಟೆಯ ಗಡುವು ಇಟ್ಟಿದೆ, ಅದು ಗ್ರೌಂಡ್ ಹ್ಯಾಂಡ್ಲಿಂಗ್‌ನವರಿಗೂ ಸೇರಿಯೇ. ಹೇಳಿದವರ ಮೇಲೆ ಮಾಲೀಕರು ಸೇಡು ತೀರಿಸಿಕೊಳ್ಳಬಾರದು ಅಂತಲೂ ಅದರಲ್ಲಿದೆ. ನಿಮ್ಮ ದೇಶದ ಗಡುವು ಕಂಪನಿಯ ಸೇಫ್ಟಿ ಮ್ಯಾನುಯಲ್‌ನಲ್ಲಿ ಸಿಗುತ್ತದೆ.

ಬೀಕನ್ ವಿಷಯವನ್ನೂ ಚಿಕ್ಕದು ಅಂದುಕೊಳ್ಳಬೇಡಿ. 2022ರ ಡಿಸೆಂಬರ್ 31ರಂದು ಅಮೆರಿಕದ ಮಾಂಟ್‌ಗೊಮೆರಿ ನಿಲ್ದಾಣದಲ್ಲಿ ರ‍್ಯಾಂಪ್ ಕೆಲಸಗಾರರೊಬ್ಬರು ಓಡುತ್ತಿದ್ದ ಎಂಜಿನ್‌ಗೆ ಸಿಕ್ಕಿ ತೀರಿಕೊಂಡರು. ಆ ವಿಮಾನದ ಎಪಿಯು, ಅಂದರೆ ನಿಂತಾಗ ಕರೆಂಟ್ ಕೊಡುವ ಚಿಕ್ಕ ಎಂಜಿನ್, ಕೆಟ್ಟಿತ್ತು, ಹಾಗಾಗಿ ನಿಂತ ಮೇಲೂ ಎಂಜಿನ್ ಓಡಿಸಿಕೊಂಡೇ ಇದ್ದರು.

ಬರೆಯುವಾಗ "ಇಲ್ಲಿ ಯಾರಿಗೂ ಜವಾಬ್ದಾರಿ ಇಲ್ಲ" ಅಂತ ಬರೆದರೆ ನಾನು ಏನೂ ಮಾಡಲಾರೆ. "ಇಂಥ ದಿನ, ಇಂಥ ಸ್ಟ್ಯಾಂಡ್, ಬೀಕನ್ ಆನ್ ಇತ್ತು, ಲೋಡರ್ ಹೊರಟಿತು, ಕೈ ತೋರಿಸುವವರು ಇರಲಿಲ್ಲ" ಅಂದರೆ ಕ್ಯಾಮೆರಾ ತೆಗೆಸಬಹುದು, ಪಾಳಿಯಲ್ಲಿ ಜನ ಕಡಿಮೆ ಇದ್ದರಾ ನೋಡಬಹುದು. ಲೀಡ್ ಹೆಸರಿಗಿಂತ ನನಗೆ ಬಂಪರ್ ಮುಖ್ಯ. ಸವೆದ ಬಂಪರ್ ಇರುವ ಗಾಡಿ ಪ್ರತಿ ಪಾಳಿಯ ಶುರುವಿನ ಚೆಕ್ ಹೇಗೆ ದಾಟಿತು? ಆ ಪ್ರಶ್ನೆ ನಿಮ್ಮ ಲೀಡ್‌ಗಿಂತ ಮೇಲಿನವರನ್ನೂ ಮುಟ್ಟುತ್ತದೆ.

ಕಂಪನಿಯೊಳಗೆ ಹೇಳಿದರೆ ಸಾಕಾ ಅಂತ ಕೆಲವರು ಕೇಳುತ್ತಾರೆ. 1974ರ ಡಿಸೆಂಬರ್ 1ರಂದು ಟಿಡಬ್ಲ್ಯೂಎ ಅನ್ನುವ ಏರ್‌ಲೈನ್‌ನ 514ನೇ ಫ್ಲೈಟ್ ವಾಷಿಂಗ್ಟನ್ ಬಳಿ ಗುಡ್ಡಕ್ಕೆ ಬಡಿದು 92 ಜನ ಸತ್ತರು. ಅದಕ್ಕೆ ಸುಮಾರು ಆರು ವಾರ ಮೊದಲು ಯುನೈಟೆಡ್‌ನ ವಿಮಾನವೊಂದು ಎಷ್ಟು ಕೆಳಗೆ ಇಳಿಯಬಹುದು ಅನ್ನುವ ಅದೇ ಗೊಂದಲಕ್ಕೆ ಬಿದ್ದು ಸ್ವಲ್ಪದರಲ್ಲಿ ಪಾರಾಗಿತ್ತು. ಆ ಕಂಪನಿಯವರು ತಮ್ಮ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟರು. ಸುದ್ದಿ ಟಿಡಬ್ಲ್ಯೂಎ ತನಕ ಹೋಗಲಿಲ್ಲ. ಇದಾದ ಮೇಲೇ 1976ರಲ್ಲಿ ಅಮೆರಿಕದಲ್ಲಿ ಎಲ್ಲರ ರಿಪೋರ್ಟ್ ಒಂದೆಡೆ ಸೇರಿಸುವ ಎಎಸ್‌ಆರ್‌ಎಸ್ ಶುರುವಾಯಿತು. ನಡೆಸುವುದು ನಾಸಾ. ದಂಡ ಹಾಕುವ ಸಂಸ್ಥೆಯ ಕೈಗೇ ಕೊಟ್ಟಿದ್ದರೆ ಯಾರು ಬರೆಯುತ್ತಿದ್ದರು ಹೇಳಿ?

ರಾತ್ರಿ ಪಾಳಿ:
ಫೋನ್ ಮಾಡಿದೆ. ಆ ಕಡೆಯವರು ಬೈಯಲಿಲ್ಲ, ಬರೀ ಎಡವಾ ಬಲವಾ ಅಂತ ಎರಡು ಸಲ ಕೇಳಿದರು. ಇವತ್ತು ರಾತ್ರಿ ವಿಮಾನ ನಿಲ್ಲಿಸಿ ನೋಡುತ್ತಾರಂತೆ. ಬೀಕನ್ ವಿಷಯ ಬೇರೆ ಕಾಗದದಲ್ಲಿ ಬರೆಯುತ್ತಿದ್ದೇನೆ, ಹೆಸರು ಹಾಕಿ. ಲೀಡ್‌ಗೆ ಮೊದಲೇ ಹೇಳಲಾ? ಬೇರೆಯವರ ಬಾಯಿಂದ ಕೇಳಿದರೆ ನೊಂದುಕೊಳ್ಳುತ್ತಾರೆ.

ಹಳೇ ಟ್ರಾಲಿ:
ಹೇಳಿ, ಆದರೆ ಕಳಿಸಿದ ಮೇಲೆ. ಮೊದಲೇ ಹೇಳಿದರೆ ಅದು ಅನುಮತಿ ಕೇಳಿದ ಹಾಗಾಗುತ್ತದೆ, ಅವರು ಬೇಡ ಅಂದರೆ ನೀವು ಎರಡೂ ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಹ್ಯಾಂಗರ್‌ನವನು:
ಆ ಲೋಡರ್ ಈಗ ಎಲ್ಲಿದೆ? ಇವತ್ತು ರಾತ್ರಿಯೂ ಅದನ್ನೇ ಓಡಿಸುತ್ತಾರಾ? ಪಾಳಿ ಶುರುವಾಗುವ ಮೊದಲು ಬಳಸಬಾರದು ಅಂತ ಕೆಂಪು ಟ್ಯಾಗ್ ಹಾಕಿಸಿ, ಬಂಪರ್‌ನ ಫೋಟೊ ಫಾರ್ಮ್ ಜೊತೆ ಸೇರಿಸಿ.