ಕಾಂಬಿ ಬಾಯ್ಲರ್‌ಗೆ ವೈರ್‌ಲೆಸ್ ಥರ್ಮೋಸ್ಟಾಟ್: ಎಲ್‌ನಿಂದ ಕಾಮ್‌ಗೆ ಲಿಂಕ್ ಬೇಕೇ?

ಪ್ರಶ್ನೆ:
ಕೋಣೆಗಳನ್ನೂ ನಲ್ಲಿನೀರನ್ನೂ ಬಿಸಿಮಾಡುವ ಕಾಂಬಿ ಬಾಯ್ಲರ್‌ಗೆ ವೈರ್‌ಲೆಸ್ ಥರ್ಮೋಸ್ಟಾಟ್ ಜೋಡಿಸುತ್ತಿದ್ದೇನೆ. ಅದರ ಸಿಗ್ನಲ್ ಪಡೆದು ಸ್ವಿಚ್ ಮಾಡುವ ರಿಸೀವರ್‌ನಲ್ಲಿ ಎಲ್ (ಲೈವ್), ಎನ್ (ನ್ಯೂಟ್ರಲ್), ಕಾಮ್ (ಸ್ವಿಚ್‌ನ ಸಾಮಾನ್ಯ ತುದಿ), ಎನ್‌ಓ (ಆನ್ ಆದಾಗ ಕಾಮ್‌ಗೆ ಸೇರುವ ತುದಿ), ಎನ್‌ಸಿ (ಆಫ್ ಇದ್ದಾಗ ಕಾಮ್‌ಗೆ ಸೇರಿರುವ ತುದಿ) ಎಂಬ ಐದು ಟರ್ಮಿನಲ್‌ಗಳಿವೆ. ಬಾಯ್ಲರ್‌ನ ರೂಮ್ ಥರ್ಮೋಸ್ಟಾಟ್ ಜಾಗದಲ್ಲಿ ಎರಡೇ, ಅವುಗಳ ನಡುವೆ ಕಾರ್ಖಾನೆಯ ತಂತಿ ಲಿಂಕ್. ಯಾವುದು ಎಲ್ಲಿಗೆ?

ಉತ್ತರ 1:
ಮೊದಲು ಬಾಯ್ಲರ್ ಕೈಪಿಡಿಯ ವೈರಿಂಗ್ ಚಿತ್ರ ನೋಡಿ. ಆ ಎರಡು ಟರ್ಮಿನಲ್ 230 ವೋಲ್ಟ್ ಸ್ವಿಚಿಂಗೋ, 24 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆಯದೋ ಎಂಬುದರ ಮೇಲೇ ಎಲ್ಲ ನಿಂತಿದೆ. ಕಡಿಮೆ ವೋಲ್ಟೇಜಾದರೆ ಎಲ್–ಕಾಮ್ ಲಿಂಕ್ ಹಾಕಲೇಬಾರದು. 230 ವೋಲ್ಟ್ ನುಗ್ಗಿದರೆ ಬಾಯ್ಲರ್‌ನ ಸರ್ಕ್ಯೂಟ್ ಬೋರ್ಡ್ (ಪಿಸಿಬಿ) ಸುಟ್ಟೇ ಹೋಗುತ್ತದೆ. ಕಾಮ್ ಮತ್ತು ಎನ್‌ಓ ನೇರವಾಗಿ ಆ ಎರಡಕ್ಕೆ. 230 ವೋಲ್ಟ್ ಆದರೂ ಬಾಯ್ಲರ್‌ನಿಂದಲೇ ಲೈವ್ ಹೊರಬಂದು ಮರಳುವಂತಿದ್ದರೆ ಇದೇ ಜೋಡಣೆ, ಲಿಂಕ್ ಬೇಡ. ಸ್ವಿಚ್ಡ್ ಲೈವ್ (ಥರ್ಮೋಸ್ಟಾಟ್ ಆನ್ ಮಾಡಿದಾಗ ಮಾತ್ರ ಬರುವ ಲೈವ್) ಒಂದನ್ನೇ ಕೇಳುವ ಬಾಯ್ಲರ್‌ಗೆ ಮಾತ್ರ ಎಲ್–ಕಾಮ್ ಲಿಂಕ್.

ಕಾರ್ಖಾನೆಯ ಲಿಂಕ್ ತೆಗೆಯಿರಿ. ಉಳಿದರೆ ಥರ್ಮೋಸ್ಟಾಟ್ ಏನೇ ಹೇಳಲಿ, ಹೀಟಿಂಗ್ ನಿಲ್ಲದು.

ಉತ್ತರ 2:
ರಿಸೀವರ್‌ನ ಎಲ್, ಎನ್‌ಗೆ ಬಾಯ್ಲರ್‌ನ ಅದೇ 3 ಆಂಪ್ ಫ್ಯೂಸ್ ಇರುವ ಐಸೊಲೇಟರ್‌ನಿಂದ (ವಿದ್ಯುತ್ ಪೂರ್ತಿ ಕಡಿಯುವ ಸ್ವಿಚ್) ಕರೆಂಟ್ ಕೊಡಿ. ಬೇರೆ ಸರ್ಕ್ಯೂಟ್ ಆದರೆ ಬಾಯ್ಲರ್ ಆಫ್ ಮಾಡಿದರೂ ಒಳಗೆ ಲೈವ್ ಉಳಿದೀತು. 0.75 ಚದರ ಮಿ.ಮೀ. ಶಾಖನಿರೋಧಕ ಫ್ಲೆಕ್ಸ್ ಸಾಕು. ಮುಚ್ಚಳ ಬಿಚ್ಚುವ ಮೊದಲು ವಿದ್ಯುತ್ ಇಲ್ಲವೆಂದು ಟೆಸ್ಟರ್‌ನಲ್ಲಿ ಖಚಿತಪಡಿಸಿ. ಮುಚ್ಚಳವೇ ದಹನ ಕೋಣೆಯ ಸೀಲ್ ಆಗಿದ್ದರೆ ಅದು ಗ್ಯಾಸ್ ತಂತ್ರಜ್ಞರ ಕೆಲಸ, ನಿಮ್ಮದಲ್ಲ.

ಉತ್ತರ 3:
ಕೋಣೆ ಬೆಚ್ಚಗಾದಾಗ ಬಾಯ್ಲರ್ ಉರಿದು, ತಣ್ಣಗಾದಾಗ ಆರಿದರೆ ತಂತಿ ಎನ್‌ಸಿಗೆ ಹೋಗಿದೆ ಎಂದರ್ಥ. ಬಾಯ್ಲರ್‌ನಲ್ಲಿ ಓಪನ್‌ಥರ್ಮ್ (ಥರ್ಮೋಸ್ಟಾಟ್ ಮತ್ತು ಬಾಯ್ಲರ್ ನಡುವಿನ ಡಿಜಿಟಲ್ ಸಂವಹನ) ಟರ್ಮಿನಲ್‌ಗಳಿದ್ದರೆ ರಿಸೀವರ್‌ನ ರಿಲೇ (ಸ್ವಿಚ್) ತಂತಿಗಳನ್ನು ಅವಕ್ಕೆ ಸೇರಿಸಬೇಡಿ. ರಿಸೀವರ್ ಲೋಹದ ಕೇಸಿಂಗ್‌ನಿಂದ ದೂರವಿರಲಿ, ಸಿಗ್ನಲ್ ಕುಗ್ಗುತ್ತದೆ. ಪರೀಕ್ಷಿಸುವಾಗ ನಲ್ಲಿಯ ಬಿಸಿನೀರನ್ನು ನೋಡಿ ಏನೂ ತೀರ್ಮಾನಿಸಬೇಡಿ. ಅದು ಥರ್ಮೋಸ್ಟಾಟ್ ಇಲ್ಲದೆಯೂ ಬರುತ್ತದೆ.