ಮೂರು ಕ್ಯಾರೆಟ್ ನೀಲ ಯಾಕೆ ಮಂಕು? ಹರಳಿನ ಕಟ್ಟಿಂಗ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಅಮ್ಮನಿಗೆ 3 ಕ್ಯಾರೆಟ್ ನೀಲದ ಉಂಗುರ ಮಾಡಿಸಿದೆವು. ಶ್ರೀಲಂಕಾದ ಹರಳು, ಲ್ಯಾಬ್ ರಿಪೋರ್ಟ್ ಇದೆ, ಅಸಲಿಯೇ. ಆದರೆ ನಡುವೆ ಬಣ್ಣವೇ ಇಲ್ಲ, ಬೆರಳಿನ ಚರ್ಮ ಕಾಣುತ್ತದೆ. ಚಿಕ್ಕಮ್ಮನ ಹತ್ತಿರ 2.4 ಕ್ಯಾರೆಟ್‌ನದು ಇದೆ. ನೋಡಲು ಅದೇ ದೊಡ್ಡದು, ಹೊಳಪೂ ಜಾಸ್ತಿ. ನಮಗೆ ಮೋಸ ಆಯ್ತಾ?

ಉತ್ತರ: ಹರಳು ಅಸಲಿ, ತೂಕವೂ ಸರಿ ಇದೆ ಅಂದರೆ ಮೋಸ ಅನ್ನಲಾರೆ ಮೇಡಂ. ಕೆಟ್ಟಿರುವುದು ಕಟ್ಟಿಂಗ್. ನಡುವೆ ಚರ್ಮ ಕಾಣುವುದಕ್ಕೆ ನಮ್ಮ ಕಸುಬಿನಲ್ಲಿ 'ವಿಂಡೋ' ಅನ್ನುತ್ತೇವೆ.

ಮೇಲಿನಿಂದ ಒಳಗೆ ಹೋದ ಬೆಳಕು ತಳದಲ್ಲಿ ಕತ್ತರಿಸಿದ ಸಣ್ಣ ಚಪ್ಪಟೆ ಮುಖಗಳಾದ ಫೇಸೆಟ್‌ಗಳಿಗೆ ಬಡಿದು ಮತ್ತೆ ಕಣ್ಣಿಗೆ ಬರಬೇಕು. ನೀಲ ಮತ್ತು ಮಾಣಿಕ್ಯದಲ್ಲಿ ಹೀಗಾಗಬೇಕಾದರೆ ತಳದ ಫೇಸೆಟ್‌ಗಳು ಸೊಂಟದ (ಹರಳಿನ ಅತಿ ಅಗಲವಾದ ಅಂಚು) ಮಟ್ಟದಿಂದ ಸುಮಾರು 35 ಡಿಗ್ರಿಗಿಂತ ಜಾಸ್ತಿ ಓರೆಯಾಗಿರಬೇಕು. ನಾವು ಸಾಮಾನ್ಯವಾಗಿ 40ರ ಮೇಲೆ ಇಡುತ್ತೇವೆ. 35ಕ್ಕಿಂತ ಚಪ್ಪಟೆಯಾದರೆ ಬೆಳಕು ತಳದಿಂದ ಸೋರಿಹೋಗುತ್ತದೆ. ವಜ್ರ ಬೆಳಕನ್ನು ಜಾಸ್ತಿ ಬಾಗಿಸುತ್ತದೆ, ಅದಕ್ಕೆ 25 ಡಿಗ್ರಿ ದಾಟಿದರೂ ಬೆಳಕು ಸೋರುವುದಿಲ್ಲ. ಅಮೆಥಿಸ್ಟ್‌ನಂತಹ ಸ್ಫಟಿಕಕ್ಕೆ 41 ಆದರೂ ಬೇಕು. ಒಂದು ಹರಳಿನ ಲೆಕ್ಕ ಇನ್ನೊಂದಕ್ಕೆ ನಡೆಯುವುದಿಲ್ಲ.

ಇನ್ನು ತೂಕ ಎಲ್ಲಿ ಹೋಯಿತು? ಉಂಗುರವನ್ನು ಪಕ್ಕದಿಂದ ನೋಡಿ. ಸೊಂಟದ ಕೆಳಗೆ ಹರಳು ಹೊಟ್ಟೆಯ ಹಾಗೆ ಉಬ್ಬಿ, ತುದಿಗೆ ಬರುವಾಗ ಚಪ್ಪಟೆ ಆಗಿರಬಹುದು. ಆ ಉಬ್ಬು ತೂಕಕ್ಕೆ ಸೇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಚಪ್ಪಟೆ ತುದಿಯಿಂದ ವಿಂಡೋ ಬರುತ್ತದೆ. ಹಾಗಾಗಿ 2.4 ಕ್ಯಾರೆಟ್‌ನ ಸರಿಯಾದ ಹರಳು 3 ಕ್ಯಾರೆಟ್‌ನ ಉಬ್ಬಿದ ಹರಳಿಗಿಂತ ಅಗಲವಾಗಿ ಕಾಣುವುದರಲ್ಲಿ ಆಶ್ಚರ್ಯ ಇಲ್ಲ.

ಪ್ರಶ್ನೆ: ಗೊತ್ತಿದ್ದೂ ಹಾಗೆ ಯಾಕೆ ಕತ್ತರಿಸುತ್ತಾರೆ ಸರ್?

ಉತ್ತರ: ಹರಳು ಮಾರುವುದು ಕ್ಯಾರೆಟ್ ಲೆಕ್ಕದಲ್ಲಿ, ಅದಕ್ಕೇ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಸಾಣೆಯಲ್ಲಿ ಸವೆದದ್ದೆಲ್ಲ ದುಡ್ಡು. ನಮ್ಮ ಕಡೆ ಜ್ಯೋತಿಷಿಗಳು 'ಇಷ್ಟು ತೂಕದ್ದು ಹಾಕಿಕೊಳ್ಳಿ' ಅಂತ ಬರೆದುಕೊಡುತ್ತಾರೆ, ಗಿರಾಕಿ ಅದೇ ಚೀಟಿ ಹಿಡಿದು ಬರುತ್ತಾರೆ. ತೂಕ ಕೇಳುವವರಿಗೆ ಮಾರುಕಟ್ಟೆ ತೂಕವನ್ನೇ ಕೊಡುತ್ತದೆ. ನನಗೆ ಇದು ಬೇಸರದ ವಿಷಯ. ಕೇಳುವ ನಾವೇ 'ಹೊಳಪು ತೋರಿಸಿ' ಅಂದರೆ ಕತ್ತರಿಸುವವನೂ ಬದಲಾಗುತ್ತಾನೆ.

ಆದರೆ ಉಬ್ಬಿದ ಹರಳೆಲ್ಲ ದುರಾಸೆಯದ್ದು ಅಂತ ತಿಳಿಯಬೇಡಿ. ಶ್ರೀಲಂಕಾದ ನೀಲದಲ್ಲಿ ಬಣ್ಣ ಎಷ್ಟೋ ಸಲ ಒಂದೇ ಕಡೆ ಕೂತಿರುತ್ತದೆ. ಜಾಣ ಸಾಣೆಯವನು ಆ ಬಣ್ಣದ ಜಾಗವನ್ನು ತಳದ ತುದಿಗೆ ತರುತ್ತಾನೆ. ಆಗ ಬೆಳಕು ಅಲ್ಲಿಂದ ತಿರುಗಿ ಇಡೀ ಹರಳಿಗೆ ನೀಲಿ ಹರಡುತ್ತದೆ. ಪಕ್ಕದಿಂದ ನೋಡಿದರೆ ಮುಕ್ಕಾಲು ಭಾಗ ಬಿಳಿ, ಮೇಲಿನಿಂದ ಪೂರ್ತಿ ನೀಲಿ! ಈ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ಅಂಥ ಹರಳಿನ ತಳವನ್ನು ತೆಳುಮಾಡಲು ಹೋದರೆ ಬಣ್ಣವೇ ಹೋಗಿಬಿಡುತ್ತದೆ.

ಪ್ರಶ್ನೆ: ಹಾಗಾದರೆ ಅಮ್ಮನ ಹರಳನ್ನು ಮತ್ತೆ ಕಟ್ ಮಾಡಿಸಬಹುದಾ?

ಉತ್ತರ: ಮಾಡಿಸಬಹುದು, ಅವಸರ ಬೇಡ. ಮೊದಲು ಉಂಗುರದಿಂದ ಬಿಡಿಸಿ. ಬಿಳಿ ತಟ್ಟೆಯಲ್ಲಿ ನೀರು ಹಾಕಿ, ಹರಳನ್ನು ಅದರಲ್ಲಿಟ್ಟು ಪಕ್ಕದಿಂದ ನೋಡಿ. ಬಣ್ಣ ಎಲ್ಲ ಕಡೆ ಹರಡಿದ್ದರೆ ಧೈರ್ಯ ಮಾಡಬಹುದು. ತಳದಲ್ಲಿ ಮಾತ್ರ ಇದ್ದರೆ ಮುಟ್ಟದಿರುವುದೇ ವಾಸಿ. ಒಳಗೆ ಬಿರುಕು ಇದೆಯಾ ಅಂತ ಲೆನ್ಸ್‌ನಲ್ಲಿ ನೋಡಿಸಿ. ಎಷ್ಟು ತೂಕ ಇಳಿಯಬಹುದು ಅಂತ ಸಾಣೆಯವರಿಂದ ಬರವಣಿಗೆಯಲ್ಲಿ ಕೇಳಿ. 3 ಕ್ಯಾರೆಟ್‌ಗಿಂತ ಕೆಳಗೆ ಇಳಿದರೆ ಕ್ಯಾರೆಟ್ ದರವೂ ಒಂದು ಮೆಟ್ಟಿಲು ಇಳಿಯಬಹುದು. ವಿಂಡೋ ಮುಚ್ಚಿದ್ದಕ್ಕೆ ದರ ಏರಲೂಬಹುದು. ಎರಡನ್ನೂ ತೂಗಿ ನೋಡಬೇಕು. ಹಳೇ ರಿಪೋರ್ಟ್ ಆಮೇಲೆ ನಡೆಯುವುದಿಲ್ಲ, ಹೊಸದು ಮಾಡಿಸಬೇಕು.

ಮರುಕಟ್ಟಿಂಗ್ ಅಂದಾಗ ಕೊಹಿನೂರ್ ನೆನಪಾಗುತ್ತದೆ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದನ್ನಿಟ್ಟಾಗ, ಇಷ್ಟೇನಾ ಇದರ ಹೊಳಪು ಅಂತ ಜನ ನಿರಾಶರಾದರು. ಅದು ಭಾರತದ ಹಳೇ ಕಟ್ಟಿಂಗ್‌ನಲ್ಲಿತ್ತು. ನಮ್ಮ ಹಿಂದಿನ ಸಾಣೆಯವರು ಕಲ್ಲಿನ ಗಾತ್ರ ಉಳಿಸುವುದಕ್ಕೆ ಬೆಲೆ ಕೊಡುತ್ತಿದ್ದರು. ಮರುವರ್ಷ ಆಲ್ಬರ್ಟ್ ರಾಜಕುಮಾರನ ಆಸಕ್ತಿಯಿಂದ ಆಮ್‌ಸ್ಟರ್‌ಡ್ಯಾಂನ ಕೆಲಸಗಾರರನ್ನು ಕರೆಸಿ ಮತ್ತೆ ಕಟ್ ಮಾಡಿಸಿದರು. ಸುಮಾರು 191 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ಹೊಳಪು ಬಂತು ನಿಜ. ಆದರೆ ನಮ್ಮ ಹಿರಿಯರ ಕೈಕೆಲಸ ಶಾಶ್ವತವಾಗಿ ಹೋಯಿತು. ಅದನ್ನು ಹಾಗೇ ಬಿಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮದು ಹೊಸ ಹರಳು, ಆ ಚಿಂತೆ ಇಲ್ಲ. ಅಜ್ಜಿಯ ಕಾಲದ ಬೇಸರಿ, ವಾಲೆಗಳಲ್ಲಿರುವ ಹಳೇ ಕಟ್ ವಜ್ರಗಳನ್ನು ಮಾತ್ರ ದಯವಿಟ್ಟು 'ಮಾಡರ್ನ್' ಮಾಡಿಸಬೇಡಿ.

ಪ್ರಶ್ನೆ: ತಂಗಿ ಮದುವೆಗೆ ವಜ್ರದ ಉಂಗುರ ನೋಡುತ್ತಿದ್ದೇವೆ ಸರ್. ರಿಪೋರ್ಟ್‌ನಲ್ಲಿ 'ಎಕ್ಸಲೆಂಟ್' ಇದ್ದರೆ ಸಾಕಲ್ವಾ?

ಉತ್ತರ: ಯಾವುದರ ಮುಂದೆ ಎಕ್ಸಲೆಂಟ್ ಅಂತ ಬರೆದಿದೆ, ಅದನ್ನು ನೋಡಿ. ಪಾಲಿಶ್, ಸಿಮೆಟ್ರಿ, ಕಟ್ ಮೂರೂ ಬೇರೆ ಬೇರೆ. ಅಮೆರಿಕದ ರತ್ನ ಪರೀಕ್ಷಾ ಸಂಸ್ಥೆ ಜಿಐಎ 2006ರಿಂದ ದುಂಡು ಬ್ರಿಲಿಯಂಟ್ ವಜ್ರಕ್ಕೆ ಕಟ್ ದರ್ಜೆ ಕೊಡುತ್ತಿದೆ. ಪಾಲಿಶ್ ಎಕ್ಸಲೆಂಟ್ ಇದ್ದ ಮಾತ್ರಕ್ಕೆ ಕಟ್ ಚೆನ್ನಾಗಿದೆ ಅಂತ ಅಲ್ಲ. ಜೊತೆಗೆ ಅಳತೆ ನೋಡಿ. 1 ಕ್ಯಾರೆಟ್ ದುಂಡು ವಜ್ರದ ಅಗಲ ಹತ್ತಿರ ಹತ್ತಿರ 6.5 ಮಿ.ಮೀ. ಇರಬೇಕು. 6.1 ಇದ್ದರೆ ತೂಕ ಕೆಳಗೆ ಅಡಗಿದೆ. ತಳದ ಕೋನ 40.75, ಮೇಲಿನದು 34.5 ಡಿಗ್ರಿ ಅಂತ ಎಂಜಿನಿಯರ್ ಮಾರ್ಸೆಲ್ ಟಾಲ್ಕೊವ್‌ಸ್ಕಿ 1919ರಲ್ಲೇ ಲೆಕ್ಕ ಹಾಕಿಕೊಟ್ಟರು. ಇವತ್ತಿನ ಒಳ್ಳೆ ಕಟ್‌ಗಳು ಅದರ ಆಸುಪಾಸಿನಲ್ಲೇ ಇವೆ.

ಪ್ರಶ್ನೆ: ನಮ್ಮ ಹತ್ತಿರ ಮೈಸೂರು ಕಡೆಯ ಸ್ಟಾರ್ ರೂಬಿ ಇದೆ. ನಕ್ಷತ್ರ ಒಂದು ಪಕ್ಕಕ್ಕೆ ವಾಲಿದೆ, ತಳ ದಪ್ಪ. ಸರಿಮಾಡಬಹುದಾ?

ಉತ್ತರ: ನಮ್ಮ ನಾಡಿನ ಹರಳಿನ ಬಗ್ಗೆ ಕೇಳಿದಿರಿ, ಖುಷಿ ಆಯಿತು! ಮೈಮೇಲೆ ಬೆಳಕಿನ ನಕ್ಷತ್ರ ಮೂಡುವ ಈ ಮಾಣಿಕ್ಯಕ್ಕೆ ಫೇಸೆಟ್ ಇರುವುದಿಲ್ಲ, ಗುಮ್ಮಟದ ಹಾಗೆ ಸಾಣೆ ಹಿಡಿಯುತ್ತೇವೆ. ಒಳಗೆ ಸೂಜಿಯಂತಹ ಸಣ್ಣ ಎಳೆಗಳು ಮೂರು ದಿಕ್ಕಿನಲ್ಲಿ ಸಾಲಾಗಿ ಕೂತಿರುತ್ತವೆ, ಅದರಿಂದ ಆರು ಕಿರಣ ಬರುತ್ತದೆ. ಆ ಎಳೆಗಳ ಮಟ್ಟಕ್ಕೆ ಸರಿಯಾಗಿ ತಳ ಕತ್ತರಿಸಿದರೆ ನಕ್ಷತ್ರ ನೆತ್ತಿಯಲ್ಲಿ ನಿಲ್ಲುತ್ತದೆ. ಓರೆಯಾದರೆ ವಾಲುತ್ತದೆ, ಬೆಲೆಯೂ ಇಳಿಯುತ್ತದೆ.

ನಿಮ್ಮ ಅದೃಷ್ಟಕ್ಕೆ ತಳ ದಪ್ಪ ಇದೆ. ಆ ದಪ್ಪದಲ್ಲೇ ತಳವನ್ನು ಸ್ವಲ್ಪ ಓರೆಯಾಗಿ ಸವೆಸಿ, ಅದಕ್ಕೆ ತಕ್ಕಂತೆ ಗುಮ್ಮಟ ತಿದ್ದಿದರೆ ನಕ್ಷತ್ರ ನಡುವಿಗೆ ಬರುತ್ತದೆ. ಇಲ್ಲಿನ ಸ್ಟಾರ್ ರೂಬಿ ಹೆಚ್ಚಾಗಿ ಬೆಳಕು ದಾಟದ ಕಲ್ಲು, ಹಾಗಾಗಿ ತಳ ತೆಳುವಾದರೂ ಬಣ್ಣ ಕಡಿಮೆಯಾಗುವ ಭಯ ಇಲ್ಲ. ಟ್ಯೂಬ್‌ಲೈಟ್ ಆರಿಸಿ, ಒಂದೇ ಟಾರ್ಚ್ ನೇರ ಮೇಲಿಂದ ಹಿಡಿದು ಫೋಟೋ ತೆಗೆಯಿರಿ. ಪಕ್ಕದಿಂದಲೂ ಒಂದು ಬೇಕು. ಇಲ್ಲೇ ಹಾಕಿ, ಎಷ್ಟು ಸವೆಸಬೇಕು ಅಂತ ಅಂದಾಜು ಹೇಳುತ್ತೇನೆ.