ಹೆಂಚಿನ ಮನೆಗೆ ಅಟ್ಮೋಸ್

"ಮನೇಲಿ ಸಿನಿಮಾ ಸದ್ದಿಗೆ ಡಾಲ್ಬಿ ದೊಡ್ಡದೋ, ಡಿಟಿಎಸ್ ದೊಡ್ಡದೋ? ಒಂದೇ ಮಾತಲ್ಲಿ ಹೇಳು," ಅಂದ ಸುಬ್ಬ.

"ಕೇಬಲ್ ದೊಡ್ಡದು," ಅಂದ ಗಣಪ.

"ಸರಿಯಾಗಿ ಹೇಳೋ ಮಾರಾಯ. ಅಂಗಡೀಲಿ ಎರಡನ್ನೂ ಹಾಕಿ ಕೇಳಿಸ್ತಾರಲ್ಲ, ಡಿಟಿಎಸ್ಸೇ ಗುಡುಗೋದು."

"ಗುಡುಗದೆ ಏನು ಮಾಡುತ್ತೆ? ಡಾಲ್ಬಿ ಟ್ರ್ಯಾಕಿನ ಜೊತೆ ಡಯಲ್‌ನಾರ್ಮ್ ಅಂತ ಒಂದು ಸೂಚನೆ ಬರುತ್ತೆ, ಮಾತಿನ ಮಟ್ಟ ಸಮ ಮಾಡೋಕೆ. ಅದು ಮೈನಸ್ 27 ಅಂತಿದ್ರೆ ಸ್ಪೀಕರುಗಳಿಗೆ ಸದ್ದು ಹಂಚೋ ರಿಸೀವರ್ ತಾನಾಗೇ 4 ಡೆಸಿಬಲ್ ಇಳಿಸುತ್ತೆ. ಸದ್ದು ಜೋರಿದ್ದದ್ದೇ ಕಿವಿಗೆ ರುಚಿ. ಮೊದಲು ಆ 4 ವಾಪಸ್ ಕೊಡು, ಆಮೇಲೆ ಪಂದ್ಯ ಕಟ್ಟು."

"ಡಿವಿಡೀಲಿ ಡಿಟಿಎಸ್ ಸೆಕೆಂಡಿಗೆ 1509 ಕಿಲೋಬಿಟ್, ಡಾಲ್ಬಿ 448. ಮೂರು ಪಟ್ಟು!" ಶ್ರೀಪಾದ ಬಾಯಿ ಹಾಕಿದ.

"ಬಹಳಷ್ಟು ಡಿಸ್ಕಲ್ಲಿ 754 ಅಷ್ಟೇ. ಎರಡೂ ಸದ್ದನ್ನ ಹಿಂಡಿ ಚಿಕ್ಕದು ಮಾಡೋ ಬಗೆಯೇ ಬೇರೆ. ಹಲಸಿನಹಣ್ಣಿನ ತೂಕ ನೋಡಿ ತೊಳೆ ಎಣಿಸ್ತೀಯಾ? ಬ್ಲೂರೇಲಂತೂ ಡಾಲ್ಬಿಯ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಎರಡೂ ಒಂದು ಬಿಟ್ಟೂ ಕಳೀದೆ ಬಿಚ್ಚಿಕೊಳ್ತವೆ. ಜಗಳಕ್ಕೆ ಜಾಗವೇ ಇಲ್ಲ."

"ಡಾಲ್ಬಿಯವರದ್ದೇ ಅಟ್ಮೋಸ್?"

"5.1 ಅಂದ್ರೆ ಐದು ಸ್ಪೀಕರ್, ಗುಮ್ಮೋ ಸಬ್‌ವೂಫರ್ ಒಂದು. ಅದು ಬಾಳೆ ಎಲೆ ಇದ್ದ ಹಾಗೆ. ಉಪ್ಪಿಗೆ ಒಂದು ಮೂಲೆ, ಕೋಸಂಬರಿಗೆ ಒಂದು ಜಾಗ. ಯಾವ ಸದ್ದು ಯಾವ ಸ್ಪೀಕರಿಗೆ ಅಂತ ಮೊದಲೇ ತೀರ್ಮಾನ. ಅಟ್ಮೋಸಲ್ಲಿ ಅದರ ಜೊತೆ 'ಈ ಹೋಳಿಗೆ ಕಂಬದ ಪಕ್ಕದವರಿಗೆ' ಅಂತ ಚೀಟಿ ಬರುತ್ತೆ. ಹೆಲಿಕಾಪ್ಟರ್ ಎಲ್ಲಿದೆ ಅಂತ ಚೀಟಿ ಹೇಳುತ್ತೆ, ಮನೇಲಿ ಎಷ್ಟು ಸ್ಪೀಕರ್ ಇವೆ ನೋಡ್ಕೊಂಡು ರಿಸೀವರ್ ಬಡಿಸುತ್ತೆ. 5.1.2ರಲ್ಲಿ ಕೊನೇ 2 ತಲೆ ಮೇಲಿನವು. ಡಿಟಿಎಸ್:ಎಕ್ಸ್ ಕೂಡ ಇದೇ ಜಾತಿ."

"ಬಡಿಸೋವಾಗ ಗುರುತಿನವರಿಗೆ ಎರಡು ಹಾಕಲ್ಲ ತಾನೇ?"

"ಹಾಕುತ್ತೆ! ದೂರದ ಲೆಕ್ಕ ತಪ್ಪು ಕೊಟ್ರೆ ಹತ್ತಿರದ ಸ್ಪೀಕರಿನ ಸದ್ದು ಮೊದಲು ಬಂದು, ಎಲ್ಲಾ ಅಲ್ಲಿಂದಲೇ ಬಂದ ಹಾಗಿರುತ್ತೆ. ಕೂರೋ ಜಾಗದಿಂದ ಟೇಪ್ ಹಿಡಿದು ಅಳೆ."

"ಕೇಬಲ್ ಕಥೆ ಅರ್ಧಕ್ಕೇ ಬಿಟ್ಟೆ."

"ಓಟಿಟಿಯವರು ಅಟ್ಮೋಸನ್ನ ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ ಇಟ್ಟು ಕಳಿಸ್ತಾರೆ. ತುದೀಲಿ ಕೆಂಪು ಬೆಳಕು ಕಾಣುತ್ತಲ್ಲ, ಆ ಆಪ್ಟಿಕಲ್ ವಯರಲ್ಲಿ ಅದು ನುಸುಳಲ್ಲ, ಹಳೇ 5.1 ಆಗಿ ಬರುತ್ತೆ, ಇಲ್ಲಾ ಬರೀ ಸ್ಟೀರಿಯೋ. ಅದಕ್ಕೆ ಟಿವಿ ಸದ್ದನ್ನ ರಿಸೀವರಿಗೆ ತರೋ ಎಚ್‌ಡಿಎಂಐ ಎಆರ್‌ಸಿ ಸಾಕು. ಬ್ಲೂರೇ ಪ್ಲೇಯರನ್ನ ಟಿವಿಗೆ ಚುಚ್ಚಿ ಅಲ್ಲಿಂದ ಟ್ರೂಎಚ್‌ಡಿ ತರ್ತೀನಿ ಅಂದ್ರೆ ಟಿವಿ, ರಿಸೀವರ್ ಎರಡೂ ಕಡೆ ಅದರ ದೊಡ್ಡಣ್ಣ ಇಎಆರ್‌ಸಿ ಇರಬೇಕು. ಪ್ಲೇಯರನ್ನ ನೇರ ರಿಸೀವರಿಗೇ ಚುಚ್ಚು, ಆ ರಗಳೆಯೇ ಬೇಡ. ಟಿವಿ ಆಡಿಯೋ ಔಟ್‌ಪುಟ್ ಪಿಸಿಎಂ, ಅಂದ್ರೆ ಟಿವಿಯೇ ಬಿಚ್ಚಿ ಕೊಡೋ ಹಾಗೆ, ಇದ್ರೆ ಎಆರ್‌ಸೀಲಿ ಎರಡೇ ಚಾನೆಲ್, ಬಂದದ್ದನ್ನ ಹಾಗೇ ದಾಟಿಸೋ ಪಾಸ್‌ಥ್ರೂ ಮಾಡು. ಆಮೇಲೆ ರಿಸೀವರಿನ ಮುಖ ನೋಡು. 'ಅಟ್ಮೋಸ್' ಅಂತ ಬಂದ್ರೆ ಬಂತು. 'ಡಾಲ್ಬಿ ಸರೌಂಡ್' ಅಂತಿದ್ರೆ ಇದ್ದದ್ದಕ್ಕೇ ನೀರು ಬೆರೆಸಿ ಎಲ್ಲರಿಗೂ ಹಂಚ್ತಾ ಇದೆ ಅಂತ ಅರ್ಥ."

"ಮೇಲಕ್ಕೆ ಸದ್ದು ಹೊಡೆದು ಮಾಡಿಂದ ಪುಟಿಸೋ ಸ್ಪೀಕರ್ ಸಿಗುತ್ತಲ್ಲ?"

"ಅದಕ್ಕೆ ಸಪಾಟು ತಾರಸಿ ಬೇಕು, ಏಳೂವರೆಯಿಂದ ಹನ್ನೆರಡು ಅಡಿ ಎತ್ತರ. ನಿನ್ನದು ಇಳಿಜಾರು ಮಂಗಳೂರು ಹೆಂಚು. ಸದ್ದು ನಿನ್ನ ಹತ್ತಿರ ಬರೋ ಬದಲು ಅಡಿಗೆಮನೆಗೆ ಹೋಗುತ್ತೆ."

"ಅತ್ತಿಗೆ ಹೆಲಿಕಾಪ್ಟರ್ ಬಂತು ಅಂತ ಅಂಗಳಕ್ಕೆ ಓಡ್ತಾರೆ," ಅಂದ ಶ್ರೀಪಾದ.

"ಮಾಡಿನ ಪಕಾಸಿಗೆ ಎರಡು ಸ್ಪೀಕರ್ ಬಿಗಿ. ನಿನ್ನ ತಲೆಗಿಂತ ಸ್ವಲ್ಪ ಮುಂದೆ, ಬಾಯಿ ಕೆಳಕ್ಕೆ. ಕೆಂಪು ವಯರ್ ಕೆಂಪಿಗೇ ಹೋಗಲಿ. ಮುಂದಿನ ಜೋಡೀಲಿ ಒಂದು ಅದಲುಬದಲಾದ್ರೂ ಬೇಸ್ ಸೊರಗುತ್ತೆ. ಮಾತು ಕೇಳಲ್ಲ ಅಂತ ವಾಲ್ಯೂಮ್ ಏರಿಸ್ಬೇಡ, ಮಾತು ಬರೋದು ಬಹುಪಾಲು ನಡುವಿನ ಸೆಂಟರ್ ಸ್ಪೀಕರಿಂದ. ಅದನ್ನ ಕಪಾಟಿನ ಒಳಗೆ ತುರುಕದೆ ಅಂಚಿಗೆ ಎಳೆದಿಡು, ಎರಡು ಡೆಸಿಬಲ್ ಹೆಚ್ಚಿಸು. ಕ್ರಾಸ್‌ಓವರ್ 80 ಹರ್ಟ್ಸ್; ಅದರ ಕೆಳಗಿನದ್ದನ್ನ ಸಬ್‌ವೂಫರ್ ನೋಡ್ಕೊಳ್ಳುತ್ತೆ."

"ಅದು ಗುಮ್ಮಿದ್ರೆ ಹೆಂಚೆಲ್ಲ ಗಡಗಡ ಅನ್ನಲ್ವಾ?"

"ಎಷ್ಟು ಹೆಂಚಿದೆ?"

"ಎರಡು ಸಾವಿರ."

"ಹಾಗಾದ್ರೆ ಪಕಾಸಿಗೆ ಬಿಗಿಯೋ ಸ್ಪೀಕರಿನ ಖರ್ಚೂ ಉಳೀತು. ನಿಂದು 5.1.2000."